ಒಲೆ ಎಲ್ಲೈತೋ ಓಟು ಅಲ್ಲೈತೆ

ಬಯಲಿನ ನಡುವೆ ಕೆಂಪು ನೂಲಿನ ಹಾಸೊಂದು ಸೊಂಟದೆತ್ತರದಲ್ಲಿ ನಿಂತಿದೆ. ಉತ್ತರದ ತುದಿಗೆ ಒಂದು ಕಲ್ಲುಕಂಬ, ದಕ್ಷಿಣದ ತುದಿಗೆ ಇನ್ನೊಂದು. ನಡುವೆ ಕವೆಗೋಲುಗಳ ಮೇಲೆ ಒರಗಿರುವ ಸಾವಿರಾರು ಎಳೆಗಳು. ಬಳಿದ ಗಂಜಿ ಇನ್ನೂ ಆರಿಲ್ಲ. ಪಕ್ಕದ ಚಪ್ಪಡಿಯ ಮೇಲೆ ಉದ್ದನೆಯ ಕುಂಚ ಬೋರಲಾಗಿ ಬಿದ್ದಿದೆ, ಮಣ್ಣಿನ ಬೋಗುಣಿಯಲ್ಲಿ ಉಳಿದ ಗಂಜಿಯ ಮೇಲೆ ತೆಳುವಾದ ಕೆನೆ ಕಟ್ಟಿದೆ. ಹಾಸಿನ ಕೆಳಗೆ, ಆ ಕೆಂಪು ಸೂರಿನಡಿ, ಒಂದು ನಾಯಿ ಮುಖವನ್ನು ಹೊಟ್ಟೆಗೆ ಹುದುಗಿಸಿ ಮಲಗಿದೆ. ಪಶ್ಚಿಮಕ್ಕೆ ಇಪ್ಪತ್ತಮೂರು ಗಿಡ್ಡ ಬಾಗಿಲುಗಳ ಒಂದು ಸಾಲು. ಎಲ್ಲಕ್ಕೂ ಒಂದೇ ನೀಲಿ, ಎಲ್ಲವೂ ಮುಚ್ಚಿವೆ. ಪೂರ್ವಕ್ಕೆ, ನಲವತ್ತು ಹೆಜ್ಜೆ ಆಚೆ, ಇನ್ನೊಂದು ಸಾಲು. ಗಾಳಿಯಿಲ್ಲ. ಬೆಳಕು ಇನ್ನೂ ಯಾವ ಕಡೆಗೂ ಸೇರಿಲ್ಲ.

ನೀಲಿ ಬಾಗಿಲುಗಳಲ್ಲಿ ಒಂದು ತೆರೆಯುತ್ತದೆ. ಬಗಲಲ್ಲಿ ರಟ್ಟಿನ ಕಡತ ಇಟ್ಟುಕೊಂಡ ಹೆಂಗಸು ತಲೆ ತಗ್ಗಿಸಿ ಹೊರಗೆ ಬರುತ್ತಾಳೆ. ಎದುರಿಗೇ ಕಾಣುವ ಸಾಲಿನತ್ತ ಹೋಗಬೇಕಾದವಳು ನೇರ ಹೋಗುವುದಿಲ್ಲ. ಹಾಸಿನ ಉದ್ದಕ್ಕೂ ದಕ್ಷಿಣದ ಕಲ್ಲಿನವರೆಗೆ ನಡೆದು, ಅದನ್ನು ಸುತ್ತಿ, ಅಷ್ಟೇ ದೂರ ಹಿಂದಕ್ಕೆ ಬರುತ್ತಾಳೆ.

"ಪಾವು ದಾಟ್ಬಾರ್ದು" ಎನ್ನುತ್ತಾರೆ ಆ ಹೆಂಗಸು, ಪಳನಿಯಮ್ಮ. ಹಾಸಿಗೆ ಇಲ್ಲಿಯವರು ಹೇಳುವುದು ಪಾವು ಎಂದು. ಅದನ್ನು ಬಿಗಿದು ಗಂಜಿ ಹಾಕಿ ಆರಿಸುವ ಬಯಲು ಪಾವಡಿ. "ದಾಟಿದ್ರೆ ನೂಲು ಕಡಿಯುತ್ತೆ ಅಂತಾರೆ. ಕಡಿಯುತ್ತೋ ಇಲ್ವೋ ಗೊತ್ತಿಲ್ಲ. ಐವತ್ತೆಂಟು ವರ್ಸದಲ್ಲಿ ಯಾರೂ ದಾಟಿದ್ದು ನಾನು ನೋಡಿಲ್ಲ."

ತಮಿಳುನಾಡಿನ ಮೆಟ್ಟೂರಿನಿಂದ ಮೇಚ್ಚೇರಿಯ ಮೇಲೆ ತೊಪ್ಪೂರಿಗೆ ಹೋಗುವ ಬಸ್ಸು ಈ ಹಟ್ಟಿಯ ಬಳಿ ಕೈ ಅಡ್ಡ ಹಾಕಿದರೆ ಮಾತ್ರ ನಿಲ್ಲುತ್ತದೆ. ಹೆಸರು ಪಾವುಕಾರರ ವಳವು, ಅಂದರೆ ಕೇರಿ. ಕನ್ನಡವಾಡುವ ದೇವಾಂಗ ನೇಕಾರರ ಊರು. ಕನ್ನಡ ಬಾಯಲ್ಲಿದೆ, ಗೋಡೆಯ ಮೇಲೆ ಎಲ್ಲಿಯೂ ಇಲ್ಲ. ಪಳನಿಯಮ್ಮ ಇಪ್ಪತ್ತೇಳು ವರ್ಷಗಳಿಂದ ಇಲ್ಲಿನ ಅಂಗನವಾಡಿ ಕಾರ್ಯಕರ್ತೆ. ಹದಿನಾಲ್ಕು ವರ್ಷಗಳಿಂದ ಅದರ ಜೊತೆಗೇ ಮತಗಟ್ಟೆ ಮಟ್ಟದ ಅಧಿಕಾರಿ. ಉದ್ದನೆಯ ಈ ಪದವಿಯನ್ನು ಊರಿನವರು ಮೂರು ಅಕ್ಷರಕ್ಕೆ ಇಳಿಸಿದ್ದಾರೆ: ಬಿ.ಎಲ್.ಓ. ಮನೆಮನೆಗೆ ಹೋಗಿ ಮತದಾರರ ಪಟ್ಟಿಯನ್ನು ತಿದ್ದುವವರು, ಸತ್ತವರನ್ನು ತೆಗೆಯುವವರು, ಹದಿನೆಂಟು ತುಂಬಿದವರನ್ನು ಸೇರಿಸುವವರು, ಮದುವೆಯಾಗಿ ಹೋದವರನ್ನು ಕಳಿಸಿಕೊಡುವವರು ಇವರೇ.

ಕೆಲಸದ ಅಳತೆಯನ್ನು ಅವರು ಬೆರಳಿನಲ್ಲಿ ಎಣಿಸಿ ಹೇಳುತ್ತಾರೆ. ಬೆಳಿಗ್ಗೆ ಅಂಗನವಾಡಿಯಲ್ಲಿ ಇಪ್ಪತ್ತೆರಡು ಮಕ್ಕಳು. ಅವರ ತೂಕ, ಮೊಟ್ಟೆ, ಮಧ್ಯಾಹ್ನದ ಊಟ, ನಿದ್ದೆ. ಮಕ್ಕಳು ಹೋದ ಮೇಲೆ ಸಂಜೆಯ ತನಕ ಮೂವತ್ತು ಬಾಗಿಲು. ಅವರ ಪಾಲಿಗೆ ಬಂದದ್ದು ಮುನ್ನೂರ ಹನ್ನೆರಡು ಮನೆ, ಸಾವಿರದ ನಲವತ್ತಾರು ಮತದಾರರು. ಒಬ್ಬೊಬ್ಬರ ಬಾಗಿಲಿಗೂ ಕಡಿಮೆಯೆಂದರೆ ಮೂರು ಸಲ: ಫಾರಂ ಕೊಡಲು, ತುಂಬಿಸಲು, ಸಹಿಗೆ. ಮೊಣಕಾಲು ಎರಡೂ ಊದಿಕೊಂಡಿವೆ. ಆಸ್ಪತ್ರೆಯವರು ಮೆಟ್ಟಿಲು ಹತ್ತಬೇಡಿ ಎಂದಿದ್ದಾರೆ. "ಮೆಟ್ಲಿರೋ ಮನೆಯೋರು ಕೆಳೀಕ್ ಬತ್ತಾರೆ. ಪಾಪ, ಒಳ್ಳೇರು" ಎನ್ನುತ್ತಾರೆ, ಸಲೀಸಾಗಿ.

ಈ ಊರನ್ನು ಅರ್ಥ ಮಾಡಿಕೊಳ್ಳಲು ಇಲ್ಲಿನ ಗೆರೆಗಳನ್ನು ಸ್ವಲ್ಪ ಬಲ್ಲವರಾಗಿರಬೇಕು. ೧೯೬೫ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿ ಬೇರೆಯಾಯಿತು. ಮೆಟ್ಟೂರು ಸೇಲಂನಲ್ಲಿಯೇ ಉಳಿಯಿತು. ಆದರೆ ಲೋಕಸಭೆಯ ಗೆರೆ ಜಿಲ್ಲೆಯ ಗೆರೆಯ ಮಾತು ಕೇಳುವುದಿಲ್ಲ. ಇಂದು ಮೆಟ್ಟೂರು ವಿಧಾನಸಭಾ ಕ್ಷೇತ್ರ ಸೇಲಂ ಜಿಲ್ಲೆಯಲ್ಲಿದ್ದೂ ಧರ್ಮಪುರಿ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಪಕ್ಕದ ಓಮಲೂರು ಸೇಲಂ ಲೋಕಸಭಾ ಕ್ಷೇತ್ರಕ್ಕೆ. ೨೦೦೮ರ ಮರುವಿಂಗಡಣೆಯಲ್ಲಿ ತಾರಮಂಗಲ, ಮೊರಪ್ಪೂರು ಎಂಬ ವಿಧಾನಸಭಾ ಕ್ಷೇತ್ರಗಳು ಅಳಿದುಹೋದವು, ಪಾಪಿರೆಡ್ಡಿಪಟ್ಟಿ ಹೊಸದಾಗಿ ಹುಟ್ಟಿತು. ಭೂಪಟದಲ್ಲಿ ಇವೆಲ್ಲ ಬಣ್ಣಗಳು. ಪಾವುಕಾರರ ವಳವಿನಲ್ಲಿ ಅದು ನಲವತ್ತು ಹೆಜ್ಜೆಯ ಬಯಲು. ಪಾವಡಿಯ ಪಶ್ಚಿಮದ ಸಾಲು ಮೆಟ್ಟೂರಿಗೆ, ಆ ಮೂಲಕ ಧರ್ಮಪುರಿಗೆ. ಪೂರ್ವದ ಸಾಲು ಓಮಲೂರಿಗೆ, ಆ ಮೂಲಕ ಸೇಲಂಗೆ. ನೂಲು ಒಣಗುವ ಜಾಗದಲ್ಲಿ ಇಬ್ಬರು ಸಂಸತ್ ಸದಸ್ಯರ ಸೀಮೆಗಳು ಮುಗಿಯುತ್ತವೆ.

ಎಂಬತ್ತೊಂದು ವರ್ಷದ ರಾಜಗೋಪಾಲ್ ಪಶ್ಚಿಮದ ಸಾಲಿನ ಅತಿ ಹಿರಿಯ ನೇಕಾರ. ತೊಗುದಿ ಎಂದರೆ ಇಲ್ಲಿ ಕ್ಷೇತ್ರ. "ನಾನು ಉಟ್ಟಿದ್ದು ಈ ಮನೇಲಿ, ಮಗ್ಗಕ್ಕೆ ಇಳ್ದಿದ್ದು ಈ ಮನೇಲಿ. ಎದ್ದು ಎಲ್ಲೂ ಓಗಿಲ್ಲ" ಎಂದು ಅವರು ಲೆಕ್ಕ ಒಪ್ಪಿಸುತ್ತಾರೆ. "ತೊಗುದಿನೇ ಅತ್ಲಾಗಿತ್ಲಾಗೆ ಓಡಾಡ್ಕೊಂಡೈತೆ."

ಪಳನಿಯಮ್ಮನವರ ಸೊಸೆ ಕಲೈವಾಣಿ ಪೂರ್ವದ ಸಾಲಿನ ಹುಡುಗಿ. ಕಳೆದ ವರ್ಷ ಮದುವೆಯಾಗಿ ಪಾವಡಿಯ ಈಚೆಗೆ ಬಂದಳು. ತವರಿನ ಕುಕ್ಕರಿನ ಶಿಳ್ಳೆ ಇಲ್ಲಿಗೆ ಕೇಳಿಸುತ್ತದೆ. ಆದರೂ ಮತ ವರ್ಗಾಯಿಸಲು ಅವಳು ಅರ್ಜಿ ಕೊಡಬೇಕಾಯಿತು. ನಲವತ್ತು ಹೆಜ್ಜೆ ನಡೆದದ್ದಕ್ಕೆ ಎಂ.ಪಿ. ಬದಲಾದರು ಎಂದು ತವರಿನವರು ಇಂದಿಗೂ ಅವಳನ್ನು ರೇಗಿಸುತ್ತಾರೆ.

ಕಳೆದ ಕಾರ್ತಿಕದಲ್ಲಿ ಮನೆಮನೆಯ ಪರಿಷ್ಕರಣೆ ಬಂದಾಗ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಪಳನಿಯಮ್ಮ ತಮ್ಮ ರೂಢಿಯಂತೆ ಮೇಲ್ಬೀದಿಯ ಬೇವಿನಮರದಿಂದ ಹೊರಟು, ಮುಂಬಾಗಿಲುಗಳನ್ನು ಒಂದೊಂದಾಗಿ ತಟ್ಟಿ, ಫಾರಂ ತುಂಬಿಸಿಕೊಂಡರು. ಇಲ್ಲಿನ ಮನೆಗಳು ಉದ್ದಕ್ಕೆ ಮಲಗಿದವು. ಮುಂಬಾಗಿಲು ಪಶ್ಚಿಮದ ಮೇಲ್ಬೀದಿಗೆ. ಜಗಲಿ, ನಡುಮನೆ, ಅಡುಗೆಯ ಮೂಲೆ. ಕೊನೆಯಲ್ಲಿ ಮಗ್ಗದ ಗುಂಡಿಯ ಕೋಣೆ. ಅದರ ನೀಲಿ ಬಾಗಿಲು ಪಾವಡಿಗೆ. ಮಗ್ಗದ ಕೋಣೆಗೆ ಕರೆಂಟಿನ ಮೀಟರು ಬೇರೆ, ಬಾಗಿಲ ಮೇಲೆ ಬರೆದ ನಂಬರೂ ಬೇರೆ.

ಅದೇ ವಾರ ಪೂರ್ವದ ಭಾಗಕ್ಕೆ ಹೊಸ ಬಿ.ಎಲ್.ಓ. ಬಂದಿದ್ದರು. ಹೆಸರು ಇಳಂಗೋ, ನಲವತ್ತು ದಾಟಿದ ಶಾಲಾ ಮಾಸ್ತರರು, ಬೇರೆ ಊರಿನಿಂದ ಹೊಸದಾಗಿ ವರ್ಗವಾಗಿ ಬಂದವರು, ಮಗ್ಗವನ್ನು ಹತ್ತಿರದಿಂದ ಕಂಡವರಲ್ಲ. ಅವರ ಕೈಯ ಕಾಗದದಲ್ಲಿ 'ಪಾವಡಿ ಬೀದಿಯ ಮನೆಗಳು' ಎಂದಿತ್ತು. ಪೊಂಗಲ್ಲಿನ ಬೇಡಿಕೆಯ ದಿನಗಳು; ಬಯಲಿನ ಉದ್ದಕ್ಕೂ ಒಂದರ ಹಿಂದೊಂದು ಮೂರು ಹಾಸುಗಳು ಬಿಗಿದು ನಿಂತಿದ್ದವು. ಬಸ್ಸಿಳಿದ ದಾರಿ ಅವರನ್ನು ಹಾಸಿನ ಪಶ್ಚಿಮಕ್ಕೆ ತಂದು ಬಿಟ್ಟಿತು. ಆಚೆಗೆ ಕಾಲಿಡಲು ಹೋದವರನ್ನು ಗಂಜಿ ಬಳಿಯುತ್ತಿದ್ದ ಹೆಂಗಸರು ದಾಟಬಾರದೆಂದು ತಡೆದರು. ಮರ್ಯಾದಸ್ಥರು, ದಾಟಲಿಲ್ಲ. ಈಚೆಯಿದ್ದ ನೀಲಿ ಬಾಗಿಲುಗಳೂ ಪಾವಡಿಗೇ ತೆರೆದಿದ್ದವಲ್ಲ, ಅವನ್ನೇ ತಮ್ಮ ಪಾಲಿನವೆಂದು ತಿಳಿದು ಮೊದಲು ತಟ್ಟಿದರು. ಪೂರ್ವದ ಸಾಲನ್ನು ಮರುದಿನ ಸುತ್ತುಹಾಕಿ ಬಂದು ಮುಗಿಸಿದರು.

ಮನೆಯವರು ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಮಗ್ಗದ ಬಾಗಿಲಿಗೆ ಬಂದವರನ್ನು ಈ ಜನ ಬರಿಗೈಯಲ್ಲಿ ಕಳಿಸುವುದಿಲ್ಲ. ನೂಲಿನವರು, ಬಟ್ಟೆಯವರು, ಮೀಟರಿನವರು ಎಲ್ಲರೂ ಬರುವುದು ಆ ಬಾಗಿಲಿಗೇ. ಅವರು ಚೀಟಿ ಚಾಚಿದರೆ ಸಹಿ ಹಾಕುವುದು ರೂಢಿ. ಮನೆಗೊಂದು ನಂಬರು, ಮಗ್ಗಕ್ಕೊಂದು ನಂಬರು. ಹಾಗಿದ್ದರೆ ಮನೆಗೊಂದು ಫಾರಂ, ಮಗ್ಗಕ್ಕೊಂದು ಫಾರಂ ಇರಬಹುದೆಂದು ಇಪ್ಪತ್ತಮೂರು ಮನೆಯವರೂ ಬೇರೆಬೇರೆಯಾಗಿ, ಒಂದೇ ರೀತಿ, ಯೋಚಿಸಿದರು. ತೊಂಬತ್ತೊಂದು ಜನ ಎರಡೆರಡು ಸಲ ಸಹಿ ಹಾಕಿದರು. ಅವರಲ್ಲಿ ಪಳನಿಯಮ್ಮನವರ ಮನೆಯವರೂ ಇದ್ದರು. ಅವರು ಅಂಗನವಾಡಿಯಲ್ಲಿದ್ದ ಹೊತ್ತಿಗೆ ಮಗ ಅಮ್ಮನ ಪರವಾಗಿಯೂ ಸಹಿ ಮಾಡಿ ಕೊಟ್ಟಿದ್ದ.

ಒಬ್ಬರ ಹೆಸರು ಎರಡು ಕಡೆ ಇದ್ದರೆ ಕಂಪ್ಯೂಟರು ಹಿಡಿಯುತ್ತದೆ. ಹಿಡಿಯಿತು. ಎರಡರಲ್ಲಿ ನಂತರದ ಸಹಿಯೇ ಖಾಯಂ ಎಂದುಕೊಂಡು ಮೊದಲಿನದನ್ನು, ಅಂದರೆ ಪಳನಿಯಮ್ಮ ಬರೆದದ್ದನ್ನು, ಕೈಬಿಟ್ಟಿತು. ಅಷ್ಟರಲ್ಲಿ ಇಳಂಗೋ ಅವರಿಗೂ ತಮ್ಮ ತಪ್ಪು ತಿಳಿದಿತ್ತು. ಅವರು ಫೋನು ಮಾಡಿ ಆಡಿದ ಮಾತು ಪಳನಿಯಮ್ಮನವರಿಗೆ ಈಗಲೂ ಬಾಯಿಪಾಠ: "ತಪ್ಪು ಎನ್ನೋಡದು ಅಕ್ಕಾ, ನಾನೇ ಎಡುತ್ತುಡುರೇನ್." ತಪ್ಪು ನನ್ನದು, ನಾನೇ ತೆಗೆದುಬಿಡುತ್ತೇನೆ. ಕಂಪ್ಯೂಟರು ಆಗಲೇ ಒಂದು ಕಡೆ ತೆಗೆದದ್ದು ಇಬ್ಬರಿಗೂ ಗೊತ್ತಿರಲಿಲ್ಲ; ಹೇಳಿದಂತೆ ತೊಂಬತ್ತೊಂದು ಹೆಸರನ್ನೂ ತಮ್ಮ ಕಡೆಯಿಂದ ತೆಗೆದರು. ಹೀಗೆ ಒಂದು ಯಂತ್ರದ ನಿಯಮಕ್ಕೂ ಒಬ್ಬ ಮನುಷ್ಯನ ಪ್ರಾಮಾಣಿಕತೆಗೂ ನಡುವೆ ಒಂದು ಇಡೀ ಸಾಲು ಕಾಣೆಯಾಯಿತು.

ಮಾರ್ಗಳಿ ಎಂಬ ಧನುರ್ಮಾಸದ ಒಂದು ಬೆಳಿಗ್ಗೆ ಶಾಲೆಯ ಗೋಡೆಗೆ ಕರಡು ಪಟ್ಟಿ ಅಂಟಿತು. ಹೊಸ ಊರಿನ ಪಟ್ಟಿಯಲ್ಲಿ ತನ್ನ ಹೆಸರು ಮೊದಲ ಸಲ ಕಾಣುವ ಆಸೆಗೆ ಕಲೈವಾಣಿ ಓಡಿದಳು. ಹುಡುಕಿದಳು, ಮತ್ತೆ ಹುಡುಕಿದಳು. ಮನೆಗೆ ಬಂದು ಅವಳು ಹೇಳಿದ್ದು ಎರಡೇ ಮಾತು: "ನಂದು ಇಲ್ಲ ಅತ್ತೆ. ನಿಮ್ದೂ ಇಲ್ಲ."

ಪಟ್ಟಿ ಮಾಡಿದವರೇ ಪಟ್ಟಿಯಲ್ಲಿಲ್ಲ. ಸುದ್ದಿ ಸಾಲಿನ ಉದ್ದಕ್ಕೂ ಹರಿದಾಗ ರಾಜಗೋಪಾಲ್ ಮಗ್ಗದ ಗುಂಡಿಯಿಂದಲೇ ಕೂಗಿ ಕೇಳಿದರಂತೆ, "ಏನವ್ವಾ, ಊರ್ನೆಲ್ಲಾ ಎಣಿಸ್ದೋಳು ನಿನ್ನ ಎಣಿಸ್ಕೊಳ್ಳೋದು ಮರ್ತ್ಯಾ?" ತಮಾಷೆಯ ಮಾತೇ. ಆದರೆ ಅವರ ಲಾಳಿ ಆ ಹೊತ್ತಿಗೆ ನಿಂತಿತ್ತೆಂದು ಪಳನಿಯಮ್ಮ ನೆನಪಿಸಿಕೊಳ್ಳುತ್ತಾರೆ. ಪ್ರಾಯ ಬಂದಂದಿನಿಂದ ಒಂದು ಚುನಾವಣೆಯನ್ನೂ ತಪ್ಪಿಸದ ಮುದುಕ ಅವರು.

ಸಾಲಿನಲ್ಲಿ ಹೆದರಿಕೆ ಬೇರೆಬೇರೆ ವೇಷದಲ್ಲಿ ಓಡಾಡಿತು. ಹೆಸರು ಹೋದರೆ ರೇಷನ್ನೂ ಹೋಗುತ್ತದೆ ಎಂದರು ಕೆಲವರು. ನೇಕಾರರ ಪಿಂಚಣಿ ನಿಲ್ಲುತ್ತದೆ ಎಂದರು ಇನ್ನು ಕೆಲವರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಮನೆಮನೆಗೆ ಹೋಗಿ ಹೇಳಿದವರು ಪಳನಿಯಮ್ಮ. ಹೇಳಿದರೇ ಹೊರತು ಅವರ ಒಳಗಿನದು ಬೇರೆಯೇ ಇತ್ತು. "ನನ್ನ ಕೈ ಮುಟ್ಟಿದ ಫಾರಂ ಸಾರ್ ಅದು. ನನ್ನ ನಂಬಿ ಎಬ್ಬೆಟ್ಟು ಒತ್ತಿದ್ರು. ಆಕ್ಷೇಪಣೆಗೆ ಉಳ್ದಿದ್ದು ಅನ್ನೊಂದು ದಿನ. ಆ ಅನ್ನೊಂದು ದಿನ ಉಂಡ ಅನ್ನ ಮೈಗೆ ಅತ್ಲಿಲ್ಲ."

ತಾಲ್ಲೂಕು ಕಚೇರಿಯಲ್ಲಿ ಹೇಳಿದ ದಾರಿ ಒಂದೇ: ತೊಂಬತ್ತೊಂದು ಜನವೂ ಹೊಸ ಮತದಾರರಂತೆ ಅರ್ಜಿ ಕೊಡಬೇಕು. ಎಂಬತ್ತೊಂದರ ರಾಜಗೋಪಾಲ್, ಹದಿನೆಂಟು ತುಂಬಿದವರ ಫಾರಮ್ಮಿನಲ್ಲಿ ಹೆಸರು ಬರೆಸಿ, ಹೊಸಬರಿಗೆ ಏನಾದರೂ ಸಿಹಿ ಕೊಡುತ್ತಾರೆಯೇ ಎಂದು ವಿಚಾರಿಸಿದರು. ಪಳನಿಯಮ್ಮ ಆರು ದಿನದಲ್ಲಿ ಎಲ್ಲರದನ್ನೂ ಬರೆದು ಮುಗಿಸಿದರು. ಆದರೆ ಅರ್ಜಿ ಕೊಟ್ಟರೆ ಮುಗಿಯಲಿಲ್ಲ. ಈ ಮನೆಗಳು ಯಾವ ಕ್ಷೇತ್ರದವು ಎಂಬುದೇ ಈಗ ಪ್ರಶ್ನೆಯಾಗಿತ್ತು. ಮೇಲ್ಬೀದಿಯ ನಂಬರು ನಂಬಬೇಕೆ, ಪಾವಡಿಯ ನಂಬರು ನಂಬಬೇಕೆ? ಕಣ್ಣಾರೆ ನೋಡದೆ ಬರೆಯುವುದಿಲ್ಲವೆಂದರು ನೋಂದಣಿ ಅಧಿಕಾರಿ.

ಪೊಂಗಲ್ ಕಳೆದ ಮೂರನೆಯ ದಿನ ಅಧಿಕಾರಿ ಬಂದರು. ಇಳಂಗೋ ಕರೆಯದೆಯೇ ಬಂದಿದ್ದರು. ಜೀಪು ಪಾವಡಿಯಲ್ಲಿಯೇ ನಿಂತಿತು. ಅಧಿಕಾರಿ ಇಳಿದು ನೀಲಿ ಬಾಗಿಲುಗಳ ಸಾಲನ್ನು ಬಹಳ ಹೊತ್ತು ನೋಡಿದರು. ಬಾಗಿಲು ಈ ಕಡೆಗಿದೆ, ನಂಬರು ಈ ಕಡೆಗಿದೆ. ಇದು ಪಾವಡಿ ಬೀದಿ ಅಲ್ಲದಿದ್ದರೆ ಮತ್ತೇನು ಎಂದರು.

ತಾವು ಆಗ ತಮಿಳಿನಲ್ಲಿ ಹೇಳಿದ್ದನ್ನು ಪಳನಿಯಮ್ಮ ಈಗ ಕನ್ನಡದಲ್ಲಿ ಹೇಳುತ್ತಾರೆ, ಅಷ್ಟೇ ಮೆತ್ತಗೆ. "ಬಾಕ್ಲು ನೋಡ್ಬೇಡಿ ಸಾರ್. ಬಾಕ್ಲು ಗಾಳಿಗೂ ತೆಗೀತೀವಿ. ಮಗ್ಗ ನೋಡ್ಬೇಡಿ, ಅದು ಕೆಲ್ಸ. ಒಲೆ ನೋಡಿ. ಒಲೆ ಎಲ್ಲೈತೋ ಓಟು ಅಲ್ಲೈತೆ."

ಅಧಿಕಾರಿ ಮೊದಲ ನೀಲಿ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋದರು. ಮಗ್ಗದ ಗುಂಡಿಯ ಅಂಚಿನಲ್ಲಿ ನಡೆದು, ಅಡುಗೆಯ ಮೂಲೆಗೆ ಬಂದು, ಒಲೆ ಕಂಡು, ಜಗಲಿ ದಾಟಿ ಮೇಲ್ಬೀದಿಗೆ ಇಳಿದರು. ಪಳನಿಯಮ್ಮ ಊದಿದ ಕಾಲಿನಲ್ಲಿ ಅವರ ಹಿಂದೆಯೇ ಇದ್ದರು. ಬೇವಿನಮರದ ಬಳಿ ಸುತ್ತಿ ಮತ್ತೆ ಪಾವಡಿಗೆ, ಎರಡನೆಯ ಬಾಗಿಲು. ಎಂಟನೆಯ ಮನೆಯಿಂದ ಆಚೆಗೆ ಸುತ್ತುವುದನ್ನು ಬಿಟ್ಟು, ಒಂದು ಮನೆಯ ಮುಂಬಾಗಿಲಿನಿಂದ ಹೊರಗೆ, ಪಕ್ಕದ ಮನೆಯ ಮುಂಬಾಗಿಲಿನಿಂದ ಒಳಗೆ. ಹಾಗೆ, ಸೂಜಿ ಬಟ್ಟೆಯಲ್ಲಿ ಓಡಿದಂತೆ, ಎರಡೂ ಬೀದಿಗಳ ನಡುವೆ ಅವರು ಸಾಗಿದರು. ಇಳಂಗೋ ಒಂದು ಕಾಗದದಲ್ಲಿ ಗೀಟು ಹಾಕುತ್ತಾ ಬಂದರು: ಒಲೆ, ಒಲೆ, ಒಲೆ.

ಹತ್ತೊಂಬತ್ತನೆಯ ಮನೆ ರಾಜಗೋಪಾಲ್ ಅವರದು. ಅಲ್ಲಿ, ಮಗ್ಗದ ಪಕ್ಕದಲ್ಲಿಯೇ, ಗೋಡೆಯ ಗೂಡಿನಲ್ಲಿ ಒಂದು ಒಲೆ ಉರಿಯುತ್ತಿತ್ತು. ಒಂಟಿ ಬರ್ನರಿನ ಗ್ಯಾಸಿನ ಒಲೆ. ಅಧಿಕಾರಿ ನಿಂತರು. ಪೆನ್ನು ನಿಂತಿತು. ಪಳನಿಯಮ್ಮನವರಿಗೆ ತಮ್ಮ ಮಾತೇ ತಮ್ಮ ಕಾಲಿಗೆ ಸುತ್ತಿಕೊಂಡಂತಾಯಿತು.

ರಾಜಗೋಪಾಲ್ ಗುಂಡಿಯಿಂದ ತಲೆ ಎತ್ತಿ ನೋಡಿ, ಅವಸರವಿಲ್ಲದೆ ವಿವರಿಸಿದರು. ಅಡುಗೆಮನೆಗೆ ಹೋಗಿಬರಲು ಕಾಲು ಕೇಳುವುದಿಲ್ಲ, ಮೂರು ಗಂಟೆಗೊಮ್ಮೆ ಬಾಯಿ ಬಿಸಿ ಬೇಡುತ್ತದೆ. ಆಮೇಲೆ ಒಂದು ಲೋಟವನ್ನು ಮುಂದೆ ಚಾಚಿದರು. "ಇದು ಟೀಗೆ ಸಾರ್. ಅನ್ನಕ್ಕಲ್ಲ."

ಅಧಿಕಾರಿ ನಕ್ಕರು. ಮಗ್ಗದ ಹಲಗೆಯ ಮೇಲೆ ಕುಳಿತು ಟೀ ಕುಡಿದರು. ಟೀ ಒಲೆಗೆ ಓಟಿಲ್ಲ ಎಂದು ಅವರೇ ತೀರ್ಪು ಕೊಟ್ಟು, ಒಳಗಿನ ದೊಡ್ಡ ಒಲೆಯನ್ನು ನೋಡಿ ಬಂದು, ಗೀಟು ಹಾಕಿಸಿದರು. ಉಳಿದ ನಾಲ್ಕು ಮನೆಗಳು ಸಲೀಸಾಗಿ ಮುಗಿದವು. ಇಪ್ಪತ್ತಮೂರು ಮನೆ, ಇಪ್ಪತ್ತಮೂರು ಒಲೆ. ಎಲ್ಲವೂ ಅನ್ನ ಬೇಯಿಸುವುದು ಮೇಲ್ಬೀದಿಯ ಪಾಲಿನಲ್ಲಿ.

ಇದೆಲ್ಲ ಆಗಿ ತಿಂಗಳು ಕಳೆದಿದೆ. ನಿನ್ನೆ ಸಂಜೆ ಅಂತಿಮ ಪಟ್ಟಿ ಕೈಗೆ ಬಂದಿದೆ. ಇಂದಿನ ಬೆಳಗಿನ ಕಡತದಲ್ಲಿರುವುದು ಅದೇ. ಶಾಲೆಯ ಗೋಡೆಗೆ ಅಂಟಿಸುವ ಮೊದಲು ಮಾಡಬೇಕಾದ ಒಂದು ಕೆಲಸ ಉಳಿದಿದೆ. ಅದಕ್ಕೇ ಪಳನಿಯಮ್ಮ ಹಾಸು ಸುತ್ತಿ ಪೂರ್ವದ ಸಾಲಿಗೆ ಹೋಗಿ, ಅಲ್ಲಿ ಬೈಕು ನಿಲ್ಲಿಸಿಕೊಂಡು ಕಾದಿದ್ದ ಇಳಂಗೋ ಅವರನ್ನು ತಮ್ಮ ಮನೆಗೆ ಕರೆತಂದಿದ್ದಾರೆ. ಅವರ ಕೈಯಲ್ಲಿಯೂ ಒಂದು ಕಡತವಿದೆ. ಇಬ್ಬರೂ ಮಗ್ಗದ ಕೋಣೆಯಲ್ಲಿ ಎದುರುಬದುರಾಗಿ ಕೂರುತ್ತಾರೆ. ಪಳನಿಯಮ್ಮ ತಮ್ಮ ಪಟ್ಟಿಯಿಂದ ಒಂದು ಹೆಸರು ಓದುತ್ತಾರೆ. ಇಳಂಗೋ ತಮ್ಮ ಪಟ್ಟಿಯನ್ನು ಬೆರಳಿನಲ್ಲಿ ಸವರಿ, ಇಲ್ಲ ಎನ್ನುತ್ತಾರೆ. ಇನ್ನೊಂದು ಹೆಸರು, ಇಲ್ಲ. ಇಲ್ಲಿ ಇರುವುದನ್ನೂ ಅಲ್ಲಿ ಇಲ್ಲದಿರುವುದನ್ನೂ ಹೀಗೆ ತೊಂಬತ್ತೊಂದು ಸಲ ಖಚಿತ ಮಾಡಿಕೊಳ್ಳುತ್ತಾರೆ. 'ಇಲ್ಲ' ಎಂಬ ಮಾತು ಇಷ್ಟು ಹಿತವಾಗಿ ಕೇಳುವುದು ಅಪರೂಪ. ಕಲೈವಾಣಿ ತನ್ನ ಹೆಸರು ಬಂದಾಗ ಗಂಜಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ತಾನೇ ಒಂದು ಸಲ ಓದಿಕೊಂಡು ಹೋಗುತ್ತಾಳೆ. ರಾಜಗೋಪಾಲ್ ನಾಲ್ಕು ಮನೆ ದಾಟಿ ಗೋಡೆ ಹಿಡಿದುಕೊಂಡು ಬಂದಿದ್ದಾರೆ. ಅವರ ಹೆಸರು ಎಪ್ಪತ್ತಾರನೆಯದು.

ಇಳಂಗೋ ಹುಡುಕಿ, ಇಲ್ಲ ಎನ್ನುತ್ತಾರೆ. ಮುದುಕ ತಲೆಯಾಡಿಸುತ್ತಾರೆ. "ಬುಡಪ್ಪಾ. ನಿನ್ ಕಡೆ ಸತ್ತೆ, ಈ ಕಡೆ ಬದುಕ್ದೆ."

ಕೊನೆಯ ಹೆಸರು ಪಳನಿಯಮ್ಮನವರದೇ. ಅದನ್ನು ಅವರು ಸ್ವಲ್ಪ ನಾಚಿಕೊಂಡು ಓದುತ್ತಾರೆ. ಇಳಂಗೋ ಈ ಸಲ ಹುಡುಕುವುದಿಲ್ಲ, ಇಲ್ಲ ಎಂದು ಕಡತ ಮಡಿಸುತ್ತಾರೆ. ಹುಡುಕಿ ಎಂದು ಪಳನಿಯಮ್ಮ ಹಟ ಹಿಡಿಯುತ್ತಾರೆ. ಅವರು ಹುಡುಕಿ, ಮತ್ತೆ ಹೇಳಿದ ಮೇಲೆಯೇ ಪೆನ್ನಿಗೆ ಮುಚ್ಚಳ ಬೀಳುತ್ತದೆ.

ನಿವೃತ್ತಿಗೆ ಇನ್ನು ಎರಡು ವರ್ಷ. ಏನಾದರೂ ಆಸೆಯಿದೆಯೇ ಎಂದರೆ ಅವರು ಕೇಳುವುದು ಮೊಣಕಾಲಿನ ಔಷಧಿಯಲ್ಲ, ಸನ್ಮಾನವಂತೂ ಅಲ್ಲವೇ ಅಲ್ಲ. "ನನ್ನ ಜಾಗಕ್ಕೆ ಯಾರಾದ್ರೂ ಬರ್ಲಿ. ಬಂದೋರು ಒಂದೇ ಒಂದು ದಿನ ನನ್ನ ಜತೆ ನಡೀಲಿ. ಮುಂದ್ಲು ಬಾಕ್ಲಲ್ಲಿ ಒಳೀಕ್ ಬಂದು ಇಂದ್ಲು ಬಾಕ್ಲಲ್ಲಿ ಆಚೀಕ್ ಓಗ್ಲಿ. ಒಂದು ಮನೆ ಸಾಕು. ಉಳಿದಿದ್ದೆಲ್ಲಾ ತಾನಾಗೇ ತಿಳೀತೈತೆ."

ಬಿಸಿಲು ಏರಿದೆ. ಇಳಂಗೋ ಶಾಲೆಗೆ ಹೊತ್ತಾಯಿತೆಂದು ಏಳುತ್ತಾರೆ, ಬೈಕು ಇರುವ ಕಡೆಗೆಂದು ಮಗ್ಗದ ಬಾಗಿಲಿನತ್ತ ತಿರುಗುತ್ತಾರೆ. ಹೋಗುವಾಗ ಯಾರಿಂದಲೂ ಸಹಿ ಹಾಕಿಸಿಕೊಳ್ಳಬೇಡಿ ಮಾಸ್ತರೇ ಎಂದು ರಾಜಗೋಪಾಲ್ ತಮಿಳಿನಲ್ಲಿ ಹೇಳಿ, ಮೊದಲು ತಾವೇ ನಗುತ್ತಾರೆ. ಇಳಂಗೋ ತಲೆ ತಗ್ಗಿಸಿ ಪಾವಡಿಗೆ ಇಳಿಯುತ್ತಾರೆ. ಕೆಂಪು ಹಾಸು ಈಗ ಪೂರ್ತಿ ಆರಿ, ಬೆಳಕಿನಲ್ಲಿ ಒಂದೊಂದು ಎಳೆಯೂ ಬೇರೆಯಾಗಿ ಕಾಣುತ್ತಿದೆ. ಬೈಕು ನೇರ ಎದುರಿಗಿದೆ. ಯಾರೂ ಹೇಳುವುದಿಲ್ಲ, ಅವರು ದಕ್ಷಿಣಕ್ಕೆ ತಿರುಗಿ, ಹಾಸಿನ ಉದ್ದಕ್ಕೂ, ಕಲ್ಲುಕಂಬದತ್ತ ನಡೆಯತೊಡಗುತ್ತಾರೆ.

ಅಷ್ಟು ನೋಡಿಕೊಂಡು ಪಳನಿಯಮ್ಮ ಅವರ ಬೆನ್ನ ಹಿಂದೆ ನೀಲಿ ಬಾಗಿಲನ್ನು ಎಳೆದು ಮುಚ್ಚುತ್ತಾರೆ, ಒಳಗಿನಿಂದ ಅಗುಳಿ ಹಾಕುತ್ತಾರೆ.